ಮುಖದ ಮೇಲೆ ಬಿದ್ದ ಬೆಳಕು: ಮನೆಯೊಳಗಿನ ಸ್ಟುಡಿಯೋಗೆ ಒಂದು ಚರಿತ್ರೆ

ಮೈಸೂರಿನ ಹಳೆಯ ಮನೆಗಳ ನಡುಮನೆಯಲ್ಲಿ, ಗೋಡೆಯ ಮೇಲುಭಾಗದಲ್ಲಿ ಸಾಲಾಗಿ, ತುಸು ಮುಂದಕ್ಕೆ ಬಾಗಿಸಿ ತೂಗುಹಾಕಿದ ಕಪ್ಪು ಬಿಳುಪು ಫೋಟೋಗಳನ್ನು ಗಮನವಿಟ್ಟು ನೋಡಿ. ತೀರ ಹಳೆಯ ಫೋಟೋಗಳಲ್ಲಿ ಮುತ್ತಜ್ಜಿಯರ ಹಣೆಯ ಕುಂಕುಮ ಶಾಯಿಯ ಬೊಟ್ಟಿನಷ್ಟು ಕಪ್ಪಗಿರುತ್ತದೆ. ಕೆಂಪು ಸೀರೆಯೂ ಕಪ್ಪೇ. ಮುಖ ಕೆಲವೊಮ್ಮೆ ಇದ್ದದ್ದಕ್ಕಿಂತ ಗಾಢ, ಕೆಲವೊಮ್ಮೆ ಹಿಟ್ಟು ಬಳಿದಷ್ಟು ತಿಳಿ. ಫೋಟೋ ಹಳತಾಗಿ ಹೀಗಾದದ್ದಲ್ಲ, ತೆಗೆದ ದಿನವೇ ಅದು ಹೀಗಿತ್ತು. ಆ ಕಾಲದ ಗಾಜಿನ ಪ್ಲೇಟಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಅದಕ್ಕೆ ಕಾಣದೆ ಹೋದದ್ದೆಲ್ಲ ನಮ್ಮ ಗೋಡೆಯ ಮೇಲೆ ಕಪ್ಪಾಗಿ ಉಳಿಯಿತು.

ಫೋಟೋ ಸ್ಟುಡಿಯೋದ ಚರಿತ್ರೆಯನ್ನು ಸಾಮಾನ್ಯವಾಗಿ ಕ್ಯಾಮೆರಾಗಳ ಚರಿತ್ರೆಯಾಗಿ ಬರೆಯುತ್ತಾರೆ. ಅದನ್ನು ಬೆಳಕಿನ ಚರಿತ್ರೆಯಾಗಿ ನೋಡಿದರೆ ಬೇರೆಯೇ ಪ್ರಶ್ನೆಗಳು ಏಳುತ್ತವೆ. ಬೆಳಕು ಎಲ್ಲಿಂದ ಬರಬೇಕು, ಎಷ್ಟು ಬರಬೇಕು, ಯಾರ ಮುಖವನ್ನು ‘ಸರಿಯಾದ’ ಮುಖವೆಂದು ಇಟ್ಟುಕೊಂಡು ಅದನ್ನು ಅಳೆಯಬೇಕು ಎಂಬುದನ್ನೆಲ್ಲ ಯಾರು ನಿರ್ಧರಿಸಿದರು? ಈ ಪ್ರಶ್ನೆ ಇವತ್ತಿನದೂ ಹೌದು. ಸರಸ್ವತಿಪುರಂನಲ್ಲೋ ಕುವೆಂಪುನಗರದಲ್ಲೋ ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಯ ಬಳಿ ಇಂದು ಒಂದು ಫೋನ್, ಒಂದು ಟ್ರೈಪಾಡ್, ಒಂದು ರಿಂಗ್ ಲೈಟ್ ಇರುತ್ತದೆ. ಸ್ಟುಡಿಯೋ ಮನೆಗೆ ಬಂದಿದೆ. ಅದರ ಜೊತೆಗೆ ಆ ನಿರ್ಧಾರವೂ ನಮ್ಮ ಕೈಗೆ ಬಂದಿದೆಯೇ, ಇಲ್ಲ ಹಳೆಯ ನಿರ್ಧಾರಗಳೇ ಹೊಸ ಉಪಕರಣಗಳ ಒಳಗೆ ಕುಳಿತು ಬಂದಿವೆಯೇ?

ಉತ್ತರದ ಕಿಟಕಿ

ನಮ್ಮ ನಾಡಿನ ಮೊದಮೊದಲ ಫೋಟೋಗಳಲ್ಲಿ ಕಲ್ಲೇ ಹೆಚ್ಚು. 1854ರ ಡಿಸೆಂಬರಿನಲ್ಲಿ ಲಿನೇಯಸ್ ಟ್ರೈಪ್ ಎಂಬ ಕಂಪನಿ ಸೇನೆಯ ಅಧಿಕಾರಿ ಬೇಲೂರು ಹಳೇಬೀಡುಗಳಲ್ಲಿ ಕಾಗದದ ನೆಗೆಟಿವ್ ಬಳಸಿ ದೇವಾಲಯಗಳ ಚಿತ್ರ ತೆಗೆದ. ಕಲ್ಲು ಅಲುಗಾಡುವುದಿಲ್ಲ, ಬಿಸಿಲಿಗೆ ಬಾಡಿಗೆ ಕೊಡಬೇಕಾಗಿಲ್ಲ. ಮನುಷ್ಯರ ಮುಖ ತೆಗೆಯುವುದು ಅಷ್ಟು ಸುಲಭವಿರಲಿಲ್ಲ. 1839ರ ಡಾಗೆರೋಟೈಪ್ ವಿಧಾನದಲ್ಲಿ ಮೊದಲಿಗೆ ನಿಮಿಷಗಟ್ಟಲೆ ಬೆಳಕು ಬೇಕಾಗುತ್ತಿತ್ತು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಒದ್ದೆ ಪ್ಲೇಟಿನ ವಿಧಾನ ಅದನ್ನು ಕೆಲವು ಸೆಕೆಂಡುಗಳಿಗೆ ಇಳಿಸಿತು. ಆದರೂ ಕುಳಿತವರು ಅಲುಗದಂತೆ ಕತ್ತಿನ ಹಿಂದೆ ಕಬ್ಬಿಣದ ಆನಿಕೆ ಇಡುತ್ತಿದ್ದರು. ಹಳೆಯ ಫೋಟೋಗಳಲ್ಲಿ ಯಾರೂ ನಗದಿರುವುದಕ್ಕೆ ಗಾಂಭೀರ್ಯ ಎಷ್ಟು ಕಾರಣವೋ ಈ ಸೆಕೆಂಡುಗಳೂ ಅಷ್ಟೇ ಕಾರಣ.

ಸೆಕೆಂಡುಗಳನ್ನು ಕಡಿಮೆ ಮಾಡಲು ಬೆಳಕು ಹೆಚ್ಚಬೇಕು. ಬಿಸಿಲಲ್ಲಿ ಕೂರಿಸಿದರೆ ಕಣ್ಣು ಕಿರಿದಾಗುತ್ತದೆ, ಮೂಗಿನ ಕೆಳಗೆ ಮಸಿಯಂಥ ನೆರಳು ಬೀಳುತ್ತದೆ. ಹಾಗಾಗಿ ಹತ್ತೊಂಬತ್ತನೆಯ ಶತಮಾನದ ಯುರೋಪಿನ ಸ್ಟುಡಿಯೋ ಎಂದರೆ ಮೇಲಂತಸ್ತಿನ, ಉತ್ತರಕ್ಕೆ ಗಾಜಿನ ಗೋಡೆಯೂ ಗಾಜಿನ ಮಾಡೂ ಇದ್ದ ಒಂದು ಕೋಣೆ. ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣದ ಆಕಾಶದಲ್ಲೇ ಇರುವುದರಿಂದ ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದು ಅಪರೂಪ. ಆಕಾಶದ ಮೆತ್ತನೆಯ, ದಿನವಿಡೀ ಹೆಚ್ಚು ಬದಲಾಗದ ಬೆಳಕು ಮಾತ್ರ ಒಳಗೆ ಬರುತ್ತದೆ. ಚಿತ್ರಕಾರರು ಶತಮಾನಗಳಿಂದ ಪಾಲಿಸಿಕೊಂಡು ಬಂದ ಈ ನಿಯಮವನ್ನು ಫೋಟೋಗ್ರಾಫರುಗಳು ಹಾಗೆಯೇ ಎತ್ತಿಕೊಂಡರು. ‘ಉತ್ತರದ ಬೆಳಕು’ ಕೈಪಿಡಿಗಳ ಮೊದಲ ಪಾಠವಾಯಿತು. ಇಂದಿನ ಅಂತರ್ಜಾಲದ ಪಾಠಗಳಲ್ಲೂ ಅದೇ ಇದೆ.

ಮೈಸೂರಿಗೆ ಈ ಪಾಠ ಪೂರ್ತಿ ಹೊಂದುವುದಿಲ್ಲ. ನಮ್ಮ ಊರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ನಾಲ್ಕನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ಇರುವುದು ನೆತ್ತಿಗಿಂತ ಉತ್ತರಕ್ಕೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಮೂರನೆಯ ವಾರದವರೆಗೆ ಸೂರ್ಯ ಹುಟ್ಟುವುದೂ ಮುಳುಗುವುದೂ ಪೂರ್ವ ಪಶ್ಚಿಮಗಳಿಂದ ಉತ್ತರಕ್ಕೆ ಸರಿದು. ಹೀಗಾಗಿ ಮೇ ತಿಂಗಳಲ್ಲಿ ಮೈಸೂರಿನ ಉತ್ತರದ ಕಿಟಕಿಗೆ ಬೆಳಗ್ಗೆ ಸಂಜೆ ಓರೆ ಬಿಸಿಲು ನುಗ್ಗುತ್ತದೆ. ಆ ತಿಂಗಳಲ್ಲಿ ಬೆಳಕು ನೆಮ್ಮದಿಯಾಗಿರುವುದು ದಕ್ಷಿಣದ ಕಿಟಕಿಯಲ್ಲಿ. ಜೂನ್ ದಾಟಿದರೆ ಮುಂಗಾರಿನ ಮೋಡ ಇಡೀ ಆಕಾಶವನ್ನೇ ಒಂದು ಬಿಳಿ ಪರದೆ ಮಾಡಿಬಿಡುತ್ತದೆ, ಯಾವ ದಿಕ್ಕಾದರೂ ನಡೆಯುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ ಯುರೋಪಿನ ಕೈಪಿಡಿ ಹೇಳಿದಂತೆ ಉತ್ತರದ ಕಿಟಕಿ ಕೆಲಸ ಮಾಡುತ್ತದೆ.

ಇದು ಬರೀ ಖಗೋಳದ ಕುತೂಹಲವಲ್ಲ. ಬೆಳಕಿನ ಬಗ್ಗೆ ನಾವು ಓದುವ ನಿಯಮಗಳು ಯಾವುದೋ ಒಂದು ಊರಿನಲ್ಲಿ, ಯಾವುದೋ ಒಂದು ಮುಖವನ್ನು ಎದುರಿಗೆ ಕೂರಿಸಿಕೊಂಡು ಹುಟ್ಟಿದವು. ಊರು ಬದಲಾದಾಗ ಅವನ್ನು ಮತ್ತೆ ಪರೀಕ್ಷಿಸಿ ನೋಡಬೇಕಾಗುತ್ತದೆ. ಮುಖ ಬದಲಾದಾಗಲೂ ಅಷ್ಟೇ.

ಕಾಣದ ಕೆಂಪು

ಒದ್ದೆ ಪ್ಲೇಟುಗಳೂ, 1871ರ ನಂತರ ಬಂದ ಒಣ ಪ್ಲೇಟುಗಳೂ ಮುಖ್ಯವಾಗಿ ನೀಲಿ ಮತ್ತು ನೇರಳೆ ಬೆಳಕಿಗೆ ಸ್ಪಂದಿಸುತ್ತಿದ್ದವು. ನೀಲಿ ಆಕಾಶ ಪೂರ್ತಿ ಬಿಳಿಯಾಗುತ್ತಿತ್ತು, ಕೆಂಪು ಮತ್ತು ಹಳದಿ ಕಪ್ಪಾಗುತ್ತಿದ್ದವು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಪ್ಲೇಟಿಗೆ ಬಣ್ಣದ ದ್ರಾವಣ ಸೇರಿಸಿದರೆ ಹಸಿರೂ ದಾಖಲಾಗುತ್ತದೆಂದು ಕಂಡುಕೊಂಡ. ಕೆಂಪನ್ನೂ ಕಾಣುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟುಗಳು ಮಾರುಕಟ್ಟೆಗೆ ಬಂದದ್ದು 1906ರ ಸುಮಾರಿಗೆ. ಎಲ್ಲ ಸ್ಟುಡಿಯೋಗಳನ್ನು ತಲುಪಲು ಅವಕ್ಕೆ ಇನ್ನೂ ದಶಕಗಳು ಬೇಕಾದವು. ಅವುಗಳ ಬೆಲೆ ಹೆಚ್ಚು. ಜೊತೆಗೆ ಹಳೆಯ ಪ್ಲೇಟನ್ನು ಕೆಂಪು ದೀಪದ ಬೆಳಕಿನಲ್ಲಿ ನೋಡಿಕೊಂಡು ತೊಳೆಯಬಹುದಿತ್ತು, ಹೊಸದಕ್ಕೆ ಗವ್ವೆನ್ನುವ ಕತ್ತಲೆಯೇ ಬೇಕು.

ಕಂದು ಚರ್ಮದಿಂದ ಹೊಮ್ಮುವ ಬೆಳಕಿನಲ್ಲಿ ಕೆಂಪು ಮತ್ತು ಹಳದಿಯ ಪಾಲು ಹೆಚ್ಚು, ನೀಲಿಯ ಪಾಲು ಕಡಿಮೆ. ನೀಲಿಯನ್ನಷ್ಟೇ ನೋಡುವ ಪ್ಲೇಟಿಗೆ ನಮ್ಮ ಮುಖ ನಮ್ಮ ಕಣ್ಣಿಗೆ ಕಾಣುವುದಕ್ಕಿಂತ ಗಾಢವಾಗಿ ಕಂಡಿತು. ದೋಷ ಪ್ಲೇಟಿನದು, ಆದರೆ ತಿದ್ದುಪಡಿ ನಡೆದದ್ದು ಮುಖದ ಮೇಲೆ. ಪೌಡರ್ ಹಚ್ಚುವುದು, ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ಗೀರುತ್ತ ಕೆನ್ನೆಯನ್ನು ತಿಳಿ ಮಾಡುವುದು, ಅಚ್ಚಾದ ಮೇಲೆ ಕೈಯಿಂದ ಬಣ್ಣ ತುಂಬುವುದು, ಇವೆಲ್ಲ ಸ್ಟುಡಿಯೋ ಕಸುಬಿನ ಭಾಗಗಳಾದವು. ನೆಗೆಟಿವ್ ತಿದ್ದುವುದು ಬೇರೆಯೇ ಒಂದು ಕುಶಲ ಕೆಲಸವಾಗಿ ಬೆಳೆಯಿತು.

ಈ ಕೈಚಳಕಕ್ಕೆ ನಮ್ಮಲ್ಲಿ ಅತಿ ಹೆಚ್ಚು ಒಳಗಾದದ್ದು ಹೆಣ್ಣಿನ ಮುಖ. ಗಂಡಿನ ಮನೆಗೆ ಕಳಿಸುವ ಫೋಟೋ ಎಂಬ ಒಂದು ಪ್ರಕಾರವೇ ಇದೆ. ಮುಕ್ಕಾಲು ತಿರುಗಿದ ಮುಖ, ಎದುರಿಗೆ ಬಲವಾದ ದೀಪ, ಹಿಂದೆ ಚಿತ್ರ ಬರೆದ ಪರದೆ, ಒಂದು ಕೈ ಸ್ಟ್ಯಾಂಡಿನ ಮೇಲೆ. ‘ಎಣ್ಣೆಗೆಂಪು’, ‘ಗೋಧಿ ಬಣ್ಣ’ ಎಂಬ ವಧೂವರರ ಜಾಹೀರಾತಿನ ಮಾತುಗಳಿಗೆ ತಕ್ಕ ಮುಖವನ್ನು ಸ್ಟುಡಿಯೋ ತಯಾರಿಸಿಕೊಡಬೇಕಿತ್ತು. ಆ ಫೋಟೋ ನೋಡಿ ಬಂದವರು ಮುಖ ನೋಡಿ ಎದ್ದುಹೋದ ಪ್ರಸಂಗಗಳು ಎಷ್ಟೋ ಮನೆಗಳ ನೆನಪಿನಲ್ಲಿವೆ. ಅಲ್ಲಿ ಅವಮಾನವಾದದ್ದು ಹುಡುಗಿಗೆ. ದೀಪವನ್ನು ಯಾರೂ ಪ್ರಶ್ನಿಸಲಿಲ್ಲ.

ಬಣ್ಣದ ಫಿಲ್ಮ್ ಬಂದ ಮೇಲೂ ಕಥೆ ಬದಲಾಗಲಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಕೊಡಾಕ್ ಕಂಪನಿ ಪ್ರಯೋಗಾಲಯಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಒಂದು ಮಾದರಿ ಕಾರ್ಡ್ ಕಳಿಸುತ್ತಿತ್ತು. ಅದರಲ್ಲಿದ್ದವಳು ಬಿಳಿಯ ಹೆಣ್ಣುಮಗಳು. ಕಾರ್ಡಿಗೆ ‘ಶರ್ಲಿ’ ಎಂಬ ಹೆಸರೇ ನಿಂತಿತು. ಆಕೆಯ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿಯಾಗಿದೆ ಎಂದು ಅರ್ಥ. ಕೆನಡಾದ ವಿದ್ವಾಂಸೆ ಲೋರ್ನಾ ರಾತ್ ಈ ಕಾರ್ಡುಗಳ ಚರಿತ್ರೆಯನ್ನು ಬರೆದಿದ್ದಾರೆ. ಕಂದು ಬಣ್ಣದ ಸೂಕ್ಷ್ಮಗಳು ಫಿಲ್ಮಿನಲ್ಲಿ ಬರುತ್ತಿಲ್ಲವೆಂದು ಕಂಪನಿಗೆ ದೂರು ಕೊಟ್ಟವರಲ್ಲಿ ಮರದ ಪೀಠೋಪಕರಣದವರೂ ಚಾಕೊಲೇಟ್ ತಯಾರಕರೂ ಇದ್ದರೆಂದು ಅವರು ದಾಖಲಿಸುತ್ತಾರೆ. ಮನುಷ್ಯರ ಮುಖದ ಬಗ್ಗೆ ಬಾರದ ತುರ್ತು ಮೇಜಿನ ಬಗ್ಗೆ ಬಂತು.

ದೀಪ ಒಳಗೆ ಬಂದಾಗ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬಂತು, ಅದರ ಬೆನ್ನಿಗೆ ಮೈಸೂರಿಗೂ ಬಂತು. ಇಂದು ಸುಮಾರು ಒಂದು ಲಕ್ಷ ಬಲ್ಬುಗಳಿಂದ ಅರಮನೆಯನ್ನು ಬೆಳಗುವ ಊರಿದು. ಸ್ಟುಡಿಯೋಗಳಿಗೆ ಮಾತ್ರ ವಿದ್ಯುತ್ತು ತಂದ ಬದಲಾವಣೆ ಇನ್ನೊಂದು ಬಗೆಯದು. ಬೆಳಕಿಗಾಗಿ ಗಾಜಿನ ಮಾಡು ಹಾಕಿಸಿಕೊಂಡಿದ್ದ ಕಸುಬು ಮೆಲ್ಲಗೆ ಕಿಟಕಿ ಮುಚ್ಚಿಕೊಂಡು ಕತ್ತಲೆ ಕೋಣೆಗೆ ಸರಿಯಿತು. ಬೆಳಕನ್ನು ಕಾಯುವ ಬದಲು ಬೆಳಕನ್ನು ಹಚ್ಚುವುದು ಸಾಧ್ಯವಾಯಿತು.

ಅದಕ್ಕೂ ಮೊದಲೇ ಮೆಗ್ನೀಸಿಯಂ ಇತ್ತು. 1887ರಲ್ಲಿ ಜರ್ಮನಿಯಲ್ಲಿ ಮೀಥೆ ಮತ್ತು ಗೇಡಿಕೆ ಎಂಬವರು ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿ ಕ್ಷಣದಲ್ಲಿ ಉರಿದು ಬೆಳಗುವ ಫ್ಲ್ಯಾಷ್ ಪುಡಿ ಮಾಡಿದರು. ಒಂದು ಹೊಳಪು, ಹಿಂದೆಯೇ ಕೋಣೆ ತುಂಬ ಬಿಳಿ ಹೊಗೆ, ಕೆಲವೊಮ್ಮೆ ಸುಟ್ಟ ಕೈ. 1930ರ ಸುಮಾರಿಗೆ ಗಾಜಿನೊಳಗೇ ಉರಿದು ಮುಗಿಯುವ ಫ್ಲ್ಯಾಷ್ ಬಲ್ಬು ಬಂತು, ಆಮೇಲೆ ಎಲೆಕ್ಟ್ರಾನಿಕ್ ಫ್ಲ್ಯಾಷ್. ಸ್ಟುಡಿಯೋದೊಳಗೆ ಬಹುಕಾಲ ಆಳಿದ್ದು ಮಾತ್ರ ಟಂಗ್‌ಸ್ಟನ್ ತಂತಿಯ ದೊಡ್ಡ ಬಲ್ಬುಗಳು. ಈ ಬಲ್ಬುಗಳು ತಿನ್ನುವ ವಿದ್ಯುತ್ತಿನಲ್ಲಿ ಬೆಳಕಾಗುವುದು ನೂರಕ್ಕೆ ಹತ್ತು ಪಾಲೂ ಇಲ್ಲ, ಉಳಿದದ್ದೆಲ್ಲ ಶಾಖ. ಬೆವರು ಒರೆಸಿಕೊಳ್ಳುತ್ತ ಫೋಟೋಗೆ ಕೂತವರಿಗೆ ಇದು ಗೊತ್ತು.

ಆ ಶಾಖದ ಮಾತು ಬಂದಾಗ ಮೈಸೂರು ಮರೆಯಲಾಗದ ಒಂದು ದಿನವಿದೆ. 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಎದ್ದು 62 ಜನ ಸತ್ತರು. ಸಡಿಲವಾದ ವೈರಿಂಗ್, ಗಾಳಿಯಾಡಲು ದಾರಿಯಿಲ್ಲದ ಕಟ್ಟಡ, ಗೋಡೆಗೆ ಹೊದಿಸಿದ್ದ ಗೋಣಿಚೀಲ, ದೊಡ್ಡ ದೀಪಗಳ ಕಾವು ಎಲ್ಲವೂ ಆಗ ಕಾರಣಗಳಾಗಿ ಹೇಳಲ್ಪಟ್ಟವು. ಬೆಳಕಿನ ಚರಿತ್ರೆ ಬರೆಯುವವರು ಈ ದಿನವನ್ನು ದಾಟಿ ಹೋಗುವಂತಿಲ್ಲ. ಮನೆಯ ಕೋಣೆಯಲ್ಲಿ ದೀಪ ಹೂಡುವವರೂ ದಾಟುವಂತಿಲ್ಲ. ಹಳೆಯ ಸಾವಿರ ವ್ಯಾಟ್ ಹ್ಯಾಲೊಜೆನ್ ಎರಡು ಹಚ್ಚಿದರೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಆಗುತ್ತದೆ, ಗೋಡೆಯ ಸಣ್ಣ ಸಾಕೆಟ್ಟು ತಾಳುವುದು 6 ಆಂಪಿಯರ್. ಅಗ್ಗಕ್ಕೆ ಸಿಗುತ್ತದೆಂದು ಸೆಕೆಂಡ್ ಹ್ಯಾಂಡ್ ಹ್ಯಾಲೊಜೆನ್ ತಂದು, ಅದರ ಮುಂದೆ ಬೆಡ್‌ಶೀಟ್ ಕಟ್ಟಿ, ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಎಲ್ಲವನ್ನೂ ಚುಚ್ಚುವ ಮೊದಲು ಈ ಲೆಕ್ಕ ಮಾಡಿಕೊಳ್ಳಬೇಕು. ಎಲ್‌ಇಡಿ ದೀಪ ಮನೆಯ ಸ್ಟುಡಿಯೋಗೆ ಮಾಡಿದ ದೊಡ್ಡ ಉಪಕಾರ ತಂಪು.

ಕನ್ನಡಿ ಮತ್ತು ಬಟ್ಟೆ

ಉಪಕರಣ ಕಡಿಮೆಯಿದ್ದಾಗ ಬೆಳಕನ್ನು ಏನು ಮಾಡಬಹುದೆಂದು ತೋರಿಸಿದ ಇಬ್ಬರು ಛಾಯಾಗ್ರಾಹಕರು ನಮ್ಮ ದೇಶದಲ್ಲೇ ಇದ್ದರು. ಇಬ್ಬರೂ ಸಿನಿಮಾದವರು. ಅವರ ಪಾಠಗಳು ಮಾತ್ರ ಹತ್ತಡಿ ಕೋಣೆಗೂ ಒಪ್ಪುತ್ತವೆ.

ಒಬ್ಬರು ಮೈಸೂರಿನಲ್ಲೇ 1923ರಲ್ಲಿ ಹುಟ್ಟಿದ ವಿ.ಕೆ. ಮೂರ್ತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು, ಗುರುದತ್ ಚಿತ್ರಗಳ ಕಣ್ಣಾದವರು. ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ ‘ಕಾಗಜ್ ಕೆ ಫೂಲ್’ 1959ರಲ್ಲಿ ಬಂತು. ಅದರಲ್ಲಿ ಖಾಲಿ ಸ್ಟುಡಿಯೋದ ಕತ್ತಲೊಳಗೆ ಮೇಲಿನಿಂದ ಇಳಿಯುವ ಒಂದು ಬೆಳಕಿನ ಕೋಲು ಇದೆ. ಸ್ಟುಡಿಯೋ ದೀಪಗಳಿಂದ ಅಂಥ ಕೋಲು ಬರುತ್ತಿರಲಿಲ್ಲ. ಹತ್ತಿರದ ದೀಪದ ಬೆಳಕು ಹೊರಟ ಕೂಡಲೇ ಅಗಲವಾಗಿ ಹರಡಿಕೊಳ್ಳುತ್ತದೆ, ಬಹುದೂರದ ಸೂರ್ಯನ ಕಿರಣಗಳು ಮಾತ್ರ ಹೆಚ್ಚುಕಡಿಮೆ ಸಮಾನಾಂತರವಾಗಿ ಬರುತ್ತವೆ. ಮೂರ್ತಿಯವರು ಹೊರಗಿನ ಬಿಸಿಲನ್ನು ಒಂದು ದೊಡ್ಡ ಕನ್ನಡಿಯಲ್ಲಿ ಹಿಡಿದು, ಒಳಗಿನ ಇನ್ನೊಂದು ಕನ್ನಡಿಗೆ ಕಳಿಸಿ, ಅಲ್ಲಿಂದ ಕೆಳಗಿಳಿಸಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ.

ಇನ್ನೊಬ್ಬರು ಬಂಗಾಳದ ಸುಬ್ರತ ಮಿತ್ರ. ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ (1956) ಚಿತ್ರಕ್ಕಾಗಿ ಕಾಶಿಯ ಒಂದು ಮನೆಯ ಸೆಟ್ಟನ್ನು ಕಲ್ಕತ್ತದ ಸ್ಟುಡಿಯೋದಲ್ಲಿ ಹಾಕಬೇಕಾಯಿತು. ನಡುವೆ ತೆರೆದ ಅಂಗಳವಿರುವ, ಮೇಲಿನಿಂದ ಆಕಾಶದ ಬೆಳಕಷ್ಟೇ ಇಳಿಯುವ ಮನೆ ಅದು. ನಮ್ಮ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಆ ಬೆಳಕನ್ನು ವಿವರಿಸಬೇಕಾಗಿಲ್ಲ. ಅದರಲ್ಲಿ ನೆರಳಿರುತ್ತದೆ, ನೆರಳಿಗೆ ಅಂಚಿರುವುದಿಲ್ಲ. ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆಯನ್ನು ಚಾವಣಿಯಂತೆ ಬಿಗಿದು, ದೀಪಗಳನ್ನು ನಟರತ್ತ ತಿರುಗಿಸದೆ ಆ ಬಟ್ಟೆಯತ್ತ ತಿರುಗಿಸಿದರು. ಬಟ್ಟೆಗೆ ತಾಗಿ ಕೆಳಗಿಳಿದ ಬೆಳಕು ಅಂಗಳದ ಬೆಳಕೇ ಆಯಿತು.

ಕನ್ನಡಿ ಬೆಳಕನ್ನು ಇನ್ನೊಂದು ಕಡೆಗೆ ಸಾಗಿಸುತ್ತದೆ, ಬಟ್ಟೆ ಅದನ್ನು ಹರಡುತ್ತದೆ. ಇಂದು ಅಂಗಡಿಯಲ್ಲಿ ಸಿಗುವ ರಿಫ್ಲೆಕ್ಟರ್, ಬಿಳಿ ಛತ್ರಿ, ಸಾಫ್ಟ್‌ಬಾಕ್ಸ್ ಎಲ್ಲವೂ ಈ ಎರಡು ಕೆಲಸಗಳ ಸಿದ್ಧ ರೂಪಗಳು. ಸಾಫ್ಟ್‌ಬಾಕ್ಸ್ ಎಂದರೆ ಕಪ್ಪು ಬಟ್ಟೆಯ ಚೀಲದೊಳಗೆ ದೀಪವಿಟ್ಟು ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದು, ಅಷ್ಟೇ. ತೆಳುವಾದ ಬಿಳಿ ಪಂಚೆಯನ್ನು ಕಿಟಕಿಗೆ ಅಡ್ಡ ಕಟ್ಟಿದರೆ ಇಡೀ ಕಿಟಕಿಯೇ ಸಾಫ್ಟ್‌ಬಾಕ್ಸ್. ಎರಡು ಇಂಚಿನ ಥರ್ಮೋಕೋಲ್ ಹಾಳೆಯನ್ನು ಮುಖದ ಇನ್ನೊಂದು ಬದಿಗೆ ನಿಲ್ಲಿಸಿದರೆ ಅದೇ ರಿಫ್ಲೆಕ್ಟರ್.

ಒಂದೇ ದೀಪದ ಪಾಠ

ಒಂದೇ ದೀಪದಿಂದ ಎಷ್ಟು ಕೆಲಸವಾಗುತ್ತದೆ ಎಂದು ತಿಳಿಯಬೇಕಾದರೆ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ ಎಸ್.ಎಲ್. ಹಲ್ದನ್ಕರ್ ಅವರ ಜಲವರ್ಣದ ಮುಂದೆ ನಿಲ್ಲಬಹುದು. ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಅದಕ್ಕೆ ಮರೆಯಾಗಿಟ್ಟು ನಿಂತ ಹೆಣ್ಣುಮಗಳ ಚಿತ್ರ ಅದು. 1940ರ ದಶಕದ ಈ ಚಿತ್ರಕ್ಕೆ ರೂಪದರ್ಶಿಯಾದವರು ಕಲಾವಿದರ ಮಗಳು ಗೀತಾ. ಮೈಸೂರಿಗೆ ಬಂದವರೆಲ್ಲ ಇದನ್ನು ನೋಡುತ್ತಾರೆ, ಅದರ ಅಗ್ಗದ ಪ್ರತಿಗಳು ಎಷ್ಟೋ ಮನೆಗಳಲ್ಲಿವೆ.

ಫೋಟೋ ತೆಗೆಯುವವರು ಇದನ್ನು ಬೇರೆ ರೀತಿಯಲ್ಲಿ ನೋಡಬೇಕು. ಇಡೀ ಚಿತ್ರಕ್ಕಿರುವುದು ಒಂದೇ ದೀಪ. ಆ ದೀಪ ಮುಖಕ್ಕೆ ಹತ್ತಿರವಿದೆ, ಹಿನ್ನೆಲೆಗೆ ದೂರವಿದೆ. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಒಂದಡಿಯಲ್ಲಿರುವ ಮುಖಕ್ಕೆ ಬಿದ್ದ ಬೆಳಕಿನಲ್ಲಿ ನಾಲ್ಕಡಿ ದೂರದ ಗೋಡೆಗೆ ಸಿಗುವುದು ಹದಿನಾರನೆಯ ಒಂದು ಪಾಲು. ಹಾಗಾಗಿ ಹಿನ್ನೆಲೆ ತಾನಾಗಿ ಕತ್ತಲಾಗುತ್ತದೆ, ಅದಕ್ಕೆ ಕಪ್ಪು ಪರದೆ ಕೊಳ್ಳಬೇಕಾಗಿಲ್ಲ. ಬೆರಳುಗಳ ನಡುವೆ ಬೆಳಕು ಕೆಂಪಾಗಿ ಹಾಯುತ್ತದೆ. ಮುಖ್ಯವಾಗಿ, ಆ ಮುಖವನ್ನು ಬಿಳಿ ಮಾಡುವ ಆತುರ ಕಲಾವಿದರಿಗಿಲ್ಲ. ನೆರಳು ನೆರಳಾಗಿಯೇ ಉಳಿದಿದೆ, ಚರ್ಮ ದೀಪದ ಹೊಂಬಣ್ಣವನ್ನು ಹೊತ್ತಿದೆ.

ರಿಂಗ್ ಲೈಟ್ ಇದಕ್ಕೆ ವಿರುದ್ಧವಾದ ತತ್ತ್ವದ ಮೇಲೆ ನಿಂತಿದೆ. ಲೆನ್ಸಿನ ಸುತ್ತಲೂ ದೀಪವಿರುವುದರಿಂದ ನೆರಳು ಮುಖದ ಹಿಂದೆ ಬಿದ್ದು ಕಣ್ಮರೆಯಾಗುತ್ತದೆ, ಮೂಗು ಕೆನ್ನೆಗಳ ಏರಿಳಿತ ಸಪಾಟಾಗುತ್ತದೆ. ಹಲ್ಲಿನ ವೈದ್ಯರಿಗೆ ಇಂಥ ಬೆಳಕು ಬೇಕು, ಎಲ್ಲವೂ ಕಾಣಬೇಕಾದಲ್ಲಿ ಅದು ಒಳ್ಳೆಯದು. ಮುಖದಲ್ಲಿ ಎಲ್ಲವೂ ಒಂದೇ ಸಮನೆ ಕಾಣಬೇಕಾಗಿಲ್ಲ. ನೆರಳೇ ಇಲ್ಲದ ಈ ಬೆಳಕು ಪೆನ್ಸಿಲಿನಿಂದ ತಿದ್ದಿದ ಹಳೆಯ ನೆಗೆಟಿವ್‌ನ ಮೊಮ್ಮಗಳು ಎನ್ನಿಸುತ್ತದೆ.

ಹತ್ತಡಿ ಕೋಣೆಯಲ್ಲಿ

ಈ ಚರಿತ್ರೆಯನ್ನು ಬೆನ್ನಿಗಿಟ್ಟುಕೊಂಡು ಇವತ್ತು ಮೈಸೂರಿನ ಒಂದು ಸಾಧಾರಣ ಕೋಣೆಯಲ್ಲಿ ಸ್ಟುಡಿಯೋ ಹೂಡುವುದು ಹೇಗೆ?

ಮೊದಲು ಕೋಣೆಯ ಟ್ಯೂಬ್‌ಲೈಟ್ ಆರಿಸಬೇಕು. ನಮ್ಮ ಮನೆಗಳ ಟ್ಯೂಬ್‌ಲೈಟಿನ ಬಣ್ಣ ಸಾಮಾನ್ಯವಾಗಿ 6500 ಕೆಲ್ವಿನ್, ಹಳದಿ ಬಲ್ಬಿನದು 2700, ನಡುಹಗಲಿನ ಬಿಸಿಲಿನದು 5500ರ ಆಸುಪಾಸು. ಎರಡು ಬಣ್ಣದ ಬೆಳಕು ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ ಆಗುತ್ತದೆ, ಯಾವ ತಿದ್ದುಪಡಿಯೂ ಎರಡನ್ನೂ ಸರಿ ಮಾಡಲಾರದು. ಗೋಡೆಗೆ ಗಾಢ ಹಸಿರು ಅಥವಾ ಗುಲಾಬಿ ಬಣ್ಣ ಬಳಿದಿದ್ದರೆ ಅದರ ಛಾಯೆಯೂ ಚರ್ಮಕ್ಕೆ ತಾಗುತ್ತದೆ. ಅಂಥ ಕಡೆ ಗೋಡೆಗೂ ಮುಖಕ್ಕೂ ನಡುವೆ ಬಿಳಿ ಅಥವಾ ಕಪ್ಪು ಬಟ್ಟೆ ಇಳಿಬಿಡಬಹುದು.

ಕಿಟಕಿ ಇದ್ದರೆ ದೀಪಕ್ಕೆ ಮೊದಲು ಅದನ್ನು ಬಳಸಿ. ಕುಳಿತವರ ಮುಖ ಕಿಟಕಿಗೆ ಓರೆಯಾಗಿರಲಿ, ಮೂರ್ನಾಲ್ಕು ಅಡಿ ದೂರವಿರಲಿ. ಬೆನ್ನಿಗೂ ಹಿಂದಿನ ಗೋಡೆಗೂ ನಾಲ್ಕಡಿಯಾದರೂ ಅಂತರ ಸಿಕ್ಕರೆ ನೆರಳು ಗೋಡೆಯ ಮೇಲೆ ಬೀಳುವುದಿಲ್ಲ. ಹಿನ್ನೆಲೆಗೆ ಇಸ್ತ್ರಿ ಮಾಡಿದ ಹತ್ತಿಯ ಬೆಡ್‌ಶೀಟ್, ಬಣ್ಣ ಮಾಸಿದ ಹಳೆಯ ಸೀರೆ, ಯಾವುದಾದರೂ ಸರಿ, ಮಿಂಚಬಾರದು.

ಕೊಳ್ಳುವ ಕ್ರಮದಲ್ಲಿ ಟ್ರೈಪಾಡ್ ಮೊದಲು. ಕ್ಯಾಮೆರಾ ಅಲುಗದಿದ್ದರೆ ಕಡಿಮೆ ಬೆಳಕಿನಲ್ಲೂ ಕೆಲಸವಾಗುತ್ತದೆ. ಆಮೇಲೆ ಒಂದು ಎಲ್‌ಇಡಿ ದೀಪ, ಒಂದು ಸ್ಟ್ಯಾಂಡ್, ಒಂದು ಬಿಳಿ ಛತ್ರಿ. ದೀಪ ಕೊಳ್ಳುವಾಗ ವ್ಯಾಟ್ ನೋಡುವುದಕ್ಕಿಂತ ಅದರ ಸಿಆರ್‌ಐ ಅಂಕಿ ನೋಡಿ. ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆಂದು ಹೇಳುವ ಈ ಅಂಕಿ 95ರ ಮೇಲಿದ್ದರೆ ಒಳ್ಳೆಯದು. ಕೆಂಪನ್ನು ಸರಿಯಾಗಿ ತೋರಿಸುತ್ತದೆಯೇ ಎಂದು ಬೇರೆಯಾಗಿ ಹೇಳುವ ಆರ್9 ಎಂಬ ಅಂಕಿಯೂ ಇರುತ್ತದೆ. ಅಗ್ಗದ ಎಲ್‌ಇಡಿಗಳು ಸೋಲುವುದು ಇಲ್ಲೇ. ನೂರು ವರ್ಷಗಳ ಹಿಂದೆ ಪ್ಲೇಟಿಗೆ ಕಾಣದಿದ್ದ ಕುಂಕುಮವನ್ನು ಇವತ್ತು ದೀಪವೂ ಮಂಕು ಮಾಡಬಲ್ಲದು. ಇನ್ನೊಂದು ವಿಷಯ, ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಕೆಲವು ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ವಿಡಿಯೋದಲ್ಲಿ ಪಟ್ಟೆಗಳು ಕಂಡರೆ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಸಾಕು.

ಕಂದು ಮತ್ತು ಕಪ್ಪು ಮುಖಕ್ಕೆ ‘ಹೆಚ್ಚು ಬೆಳಕು ಸುರಿಯಬೇಕು’ ಎಂಬ ಮಾತು ಸ್ಟುಡಿಯೋಗಳಲ್ಲಿ ಬಹುಕಾಲದಿಂದ ಓಡಾಡುತ್ತಿದೆ. ಸುರಿದರೆ ಹಣೆ ಮೂಗುಗಳ ಮೇಲೆ ಬಿಳಿ ಚುಕ್ಕೆ ಹೊಳೆಯುತ್ತದೆ, ಉಳಿದ ಭಾಗ ಸಪ್ಪೆಯಾಗುತ್ತದೆ. ಬೇಕಾದದ್ದು ದೊಡ್ಡ ಬೆಳಕು: ಅಗಲವಾದ ಕಿಟಕಿ, ದೊಡ್ಡ ಛತ್ರಿ, ಹತ್ತಿರಕ್ಕೆ ತಂದ ಬಟ್ಟೆ. ಗಾಢ ಚರ್ಮದ ಮೇಲೆ ಆಕಾರ ಮೂಡುವುದು ಮೃದುವಾದ ಹೊಳಪಿನಿಂದ. ಬೆಳಕಿನ ಮೂಲ ಅಗಲವಾದಷ್ಟೂ ಆ ಹೊಳಪು ಕೆನ್ನೆಯ ಉದ್ದಕ್ಕೂ ಹರಡಿಕೊಂಡು ಮೈಕಟ್ಟನ್ನು ತೋರಿಸುತ್ತದೆ. ಕ್ಯಾಮೆರಾ ಕಂಡದ್ದನ್ನೆಲ್ಲ ನಡುವಿನ ಬೂದು ಬಣ್ಣಕ್ಕೆ ಎಳೆಯಲು ನೋಡುತ್ತದೆ. ಬಿಳಿ ಗೋಡೆಯ ಮುಂದೆ ಕೂರಿಸಿದರೆ ಗೋಡೆಯನ್ನು ಬೂದು ಮಾಡಲು ಹೋಗಿ ಮುಖವನ್ನು ಕತ್ತಲೆಗೆ ತಳ್ಳುತ್ತದೆ. ಅದಕ್ಕೇ ಹಿನ್ನೆಲೆ ತುಸು ಗಾಢವಾಗಿರಲಿ. ಫೋನಿನಲ್ಲಾದರೆ ಮುಖದ ಮೇಲೆ ಬೆರಳೊತ್ತಿ ಬೆಳಕಿನ ಮಟ್ಟವನ್ನು ಅಲ್ಲಿಗೇ ಬಂಧಿಸಿ. ಬ್ಯೂಟಿ ಫಿಲ್ಟರ್ ಎಲ್ಲಿದೆಯೆಂದು ಹುಡುಕಿ ಆರಿಸಿ. ಕೆಲವು ಫೋನುಗಳಲ್ಲಿ ಅದು ಕೇಳದೆಯೇ ಚಾಲೂ ಇರುತ್ತದೆ, ಮುಖ ತಿಳಿಯಾಗುವುದೇ ಸುಧಾರಣೆ ಎಂದು ಯಾರೋ ನಮ್ಮ ಪರವಾಗಿ ಮೊದಲೇ ತೀರ್ಮಾನಿಸಿರುತ್ತಾರೆ.

ಕಾದವರು

ವಿ.ಕೆ. ಮೂರ್ತಿ ಹುಟ್ಟಿದ ವರ್ಷವೇ, ಅದೇ ಮೈಸೂರಿನಲ್ಲಿ ಇನ್ನೊಬ್ಬರು ಹುಟ್ಟಿದರು, ಟಿ.ಎಸ್. ಸತ್ಯನ್. ಮೂರ್ತಿ ಬೆಳಕನ್ನು ಕನ್ನಡಿಯಲ್ಲಿ ಹಿಡಿದು ತಂದವರು. ಸತ್ಯನ್ ಅವರದು ಪತ್ರಿಕಾ ಛಾಯಾಗ್ರಾಹಕರ ದಾರಿ, ಇದ್ದ ಬೆಳಕಿಗೆ ಕಾಯುವ ದಾರಿ. ಯುನಿಸೆಫ್‌ಗಾಗಿ, ವಿಶ್ವ ಆರೋಗ್ಯ ಸಂಸ್ಥೆಯ ಸಿಡುಬು ನಿರ್ಮೂಲನಾ ಕೆಲಸಕ್ಕಾಗಿ ದೇಶ ಸುತ್ತಿ, ಅಂಗಳದಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ ಸಿಕ್ಕ ಜನರನ್ನು ಅವರಿದ್ದ ಹಾಗೆ ತೆಗೆದರು. 1977ರಲ್ಲಿ ಪದ್ಮಶ್ರೀ ಬಂತು, 2009ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಕಪ್ಪು ಬಿಳುಪು ಚಿತ್ರಗಳಲ್ಲಿ ಮಕ್ಕಳೂ ಮುದುಕರೂ ಯಾರೂ ತಿಳಿ ಮಾಡದ ಮುಖಗಳಲ್ಲಿ ನಗುತ್ತಾರೆ. ಆ ಹೊತ್ತಿಗೆ ಫಿಲ್ಮಿಗೆ ಎಲ್ಲ ಬಣ್ಣಗಳೂ ಕಾಣುತ್ತಿದ್ದವು, ನೋಡುವ ಕಣ್ಣಿಗೂ ಕಾಣಬೇಕಿತ್ತು.

ಹಳೆಯ ಸ್ಟುಡಿಯೋದಲ್ಲಿ ಕುಳಿತವರಿಗೆ ತಮ್ಮ ಮುಖ ಹೇಗೆ ಬಂದಿದೆಯೆಂದು ತಿಳಿಯುತ್ತಿದ್ದುದು ದಿನಗಳ ಮೇಲೆ, ರಸೀದಿ ಕೊಟ್ಟು ಲಕೋಟೆ ತೆಗೆದುಕೊಂಡಾಗ. ಅಷ್ಟರಲ್ಲಿ ಪೆನ್ಸಿಲ್ ತನ್ನ ಕೆಲಸ ಮುಗಿಸಿರುತ್ತಿತ್ತು. ಮನೆಯ ಸ್ಟುಡಿಯೋದಲ್ಲಿ ಹಾಗಲ್ಲ. ಕ್ಯಾಮೆರಾದ ಹಿಂಬದಿಯನ್ನು ಅಜ್ಜಿಯ ಕಡೆಗೆ ತಿರುಗಿಸಿ, “ಹೀಗಿರಲಾ ಅಜ್ಜಿ? ಸ್ವಲ್ಪ ನೆರಳು ಕಡಿಮೆ ಮಾಡಲಾ?” ಎಂದು ಆ ಕ್ಷಣವೇ ಕೇಳಬಹುದು. ಅವರು ಬೇಡವೆಂದರೆ ಥರ್ಮೋಕೋಲನ್ನು ಒಂದಡಿ ಹಿಂದಕ್ಕೆ ಎಳೆದರೆ ಆಯಿತು.